ನಮಸ್ಕಾರ ಮಾಡುವ ಬಂದೂಕು

ಕಲ್ಯಾಣದುರ್ಗದ ಮಂಡಿ ಬೀದಿಯಲ್ಲಿ ಒಂದು ಕಥೆ ಓಡಾಡುತ್ತಿದೆ. ಕಡ್ಲೆಕಾಯಿ ವ್ಯಾಪಾರದ ಈರಣ್ಣನವರ ಮೊಮ್ಮಗಳು ಮಾನಸ ಮನೆಯ ಹಳೇ ಏರ್ ರೈಫಲ್ ಹಿಡಿದು ಶಾಲಾ ಕ್ರೀಡೆಗಳ ಜಿಲ್ಲಾ ಆಯ್ಕೆಗೆ ಹೋದಳಂತೆ. ಹೊಸ ಹೊಸ ರೈಫಲ್ ತಂದವರೆಲ್ಲ ಬಾಯಿ ಬಿಟ್ಟುಕೊಂಡು ನೋಡುವ ಹಾಗೆ ಗುರಿ ಹೊಡೆದಳಂತೆ. ಯಾಕೆಂದರೆ ಆ ಬಂದೂಕು ನವರಾತ್ರಿ ಪೂರ್ತಿ ದೇವರ ಮುಂದೆ ಬಾಗಿ ನಮಸ್ಕಾರ ಮಾಡಿಕೊಂಡೇ ಇತ್ತಂತೆ. ದೇವರೇ ನಳಿಗೆಯೊಳಗೆ ಕೂತು ಗುಂಡನ್ನು ನಡೆಸಿದನಂತೆ.

ಇಷ್ಟೊಂದು 'ಅಂತೆ' ಇರುವ ಮಾತನ್ನು ನಮ್ಮ ಕಾಲೇಜಿನ ಚರ್ಚಾ ಸ್ಪರ್ಧೆಯಲ್ಲಿ ಯಾರಾದರೂ ಹೇಳಿದ್ದರೆ ವೇದಿಕೆಯಿಂದ ಇಳಿಯುವ ಮೊದಲೇ ಹರಿದು ಹಾಕುತ್ತಿದ್ದೆವು. ಆ ಬಂದೂಕನ್ನು ಬಿಚ್ಚಿ ಜೋಡಿಸಿದವಳು ನಾನು. ದೇವರ ಮೇಲೆ ನನಗೇನೂ ತಕರಾರಿಲ್ಲ. ಆದರೆ ನಾನು ಕಂಡ ಗಾಳಿ ಬಂದೂಕುಗಳ ಒಳಗೆ ಇರುತ್ತಿದ್ದದ್ದು ಒಂದು ಸ್ಪ್ರಿಂಗು, ಒಂದು ಚರ್ಮದ ವಾಷರು, ಮತ್ತು ಯಜಮಾನರು ಪ್ರೀತಿಯಿಂದ ಸುರಿದ ಅಡಿಗೆ ಎಣ್ಣೆ. ಇನ್ನೊಬ್ಬರು ಕೂರಲು ಅಲ್ಲಿ ಜಾಗವಿಲ್ಲ.

ನಾನು ಯಾರು ಎಂದರೆ, ಹಿಂದೂಪುರದಲ್ಲಿ ಗುರುಸಿದ್ದಪ್ಪ ಸಾಹುಕಾರರ ಅಂಗಡಿಯಲ್ಲಿ ಏರ್ ರೈಫಲ್ ಮಾರಿ, ರಿಪೇರಿ ಮಾಡಿ, ನಿವೃತ್ತಳಾದವಳು. ವಯಸ್ಸು ಮೂವತ್ತೆರಡು. ನಗಬೇಡಿ. ಸಾಹುಕಾರರ ಕಣ್ಣಿಗೆ ಸಣ್ಣ ಸ್ಕ್ರೂ ಕಾಣದಂತಾಗಿ ಅಂಗಡಿ ಮುಚ್ಚಿದರು. ಅವರ ಜೊತೆಗೆ ನನ್ನ ಕೆಲಸವೂ ಮುಗಿಯಿತು. ಶಾಲು ಇಬ್ಬರಿಗೂ ಹೊದಿಸಿದರು. ಶಾಲು ಹೊದಿಸಿಕೊಂಡವರು ನಿವೃತ್ತರು ಎಂಬುದು ಲೋಕ ಒಪ್ಪಿದ ವ್ಯಾಖ್ಯಾನ. ಈಗ ಇದೇ ಕೆಲಸಕ್ಕೆ ಹುಡುಗರು, ಹುಡುಗಿಯರು ಬರುತ್ತಿದ್ದಾರೆ, ಫೋನು ಮಾಡಿ ಏನೇನೋ ಕೇಳುತ್ತಾರೆ. ಅವರಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ.

ಕೆಲಸ ಸಿಕ್ಕಿದ್ದು ಜಗಳದಿಂದ. ನಮ್ಮ ಮಾವ ತಂದಿದ್ದ ಪೆಲೆಟ್ ಡಬ್ಬಿಯಲ್ಲಿ, ಅಂದರೆ ಬಂದೂಕಿನ ಸೀಸದ ಗುಂಡಿನ ಡಬ್ಬಿಯಲ್ಲಿ, ಅರ್ಧಕ್ಕರ್ಧ ಚಪ್ಪಟೆಯಾಗಿದ್ದವು. ವಾಪಸ್ ಕೊಡಲು ಹೋದೆ. ಸಾಹುಕಾರರು, "ಮಾರಿದ್ ಮಾಲು ಮಾರಿದ್ದೇ ಕಣಮ್ಮ" ಎಂದರು. ನಾನು ಮಾಲು ಎಂದರೇನು, ಮಾರಾಟ ಎಂದರೇನು, ಗುಂಡು ಗುಂಡಗಿಲ್ಲದಿದ್ದರೆ ಅದನ್ನು ಗುಂಡು ಎಂದು ಮಾರಬಹುದೇ ಎಂದು ಪ್ರಶ್ನೆಗಳನ್ನು ಜೋಡಿಸುತ್ತಾ ಹೋದೆ. ಬಂದಿದ್ದ ಗಿರಾಕಿಗಳು ತಮ್ಮ ತಮ್ಮ ಡಬ್ಬಿ ತೆರೆದು ನೋಡತೊಡಗಿದರು. ಸಾಹುಕಾರರು ಹಣೆಯ ವಿಭೂತಿ ಒರೆಸಿಕೊಳ್ಳುವಷ್ಟು ಬೆವತು ಹೇಳಿದರು: "ಈ ಬಾಯಿ ಕೌಂಟ್ರಿನ ಆ ಕಡೆ ಇರೋದಕ್ಕಿಂತ ಈ ಕಡೆ ಇರ್ಲಿ. ನಾಳೆಯಿಂದ ಕೆಲಸಕ್ಕೆ ಬಂದ್ಬುಡು."

ಬಂದುಬಿಟ್ಟೆ. ಗಿರಾಕಿಗಳು ಮೊದಮೊದಲು ನನ್ನ ತಲೆಯ ಮೇಲಿಂದ ಅಂಗಡಿಯ ಒಳಗೆ ಇಣುಕುತ್ತಿದ್ದರು.

"ಗಂಡಸ್ರು ಯಾರೂ ಇಲ್ವೇನಮ್ಮಾ?"

"ಇದ್ದಾರಲ್ಲ, ರಿಪೇರಿಗೆ ಬಂದವ್ರೆ" ಎನ್ನುತ್ತಿದ್ದೆ.

ಕಡಿಮೆ ದುಡ್ಡಿನಲ್ಲಿ ಬಂದೂಕು ಕೊಳ್ಳುವವರಿಗೆ ಮೊದಲ ಮಾತು: ಸ್ಕೋಪಿಗೆ ಮನಸೋಲಬೇಡಿ. ಗೋರಂಟ್ಲದಿಂದ ಒಬ್ಬರು ಬಂದಿದ್ದರು. ಅವರ ಕೈಯಲ್ಲಿದ್ದದ್ದು ಬಂದೂಕಿಗೆ ಹಾಕಿದ ಸ್ಕೋಪಲ್ಲ, ಸ್ಕೋಪಿಗೆ ಕಟ್ಟಿದ ಬಂದೂಕು. ತೀರ ಅಗ್ಗದ ಬಂದೂಕು, ಅದರ ಮೇಲೆ ದೂರದರ್ಶಕದಂಥ ಕೊಳವೆ.

"ಹುಣ್ಣಿಮೆ ದಿನ ಚಂದ್ರನ ಮ್ಯಾಲಿನ ಹಳ್ಳ ಕಾಣ್ತೈತೆ ಕಣಮ್ಮ" ಎಂದರು ಹೆಮ್ಮೆಯಿಂದ.

"ಗೋಡೆ ಮೇಲಿಟ್ಟ ಡಬ್ಬ ಕಾಣುತ್ತಾ ಅಣ್ಣಾ?"

"ಅದೊಂದು ಮಾತ್ರ ಮಸುಕು."

ಅಗ್ಗದ ಸ್ಕೋಪುಗಳು ಹತ್ತಿರದ್ದನ್ನು ಮಸುಕು ಮಾಡುತ್ತವೆ. ಜೊತೆಗೆ ಸ್ಪ್ರಿಂಗ್ ಬಂದೂಕು ಸಿಡಿಯುವಾಗ ಹಿಂದಕ್ಕೂ ಮುಂದಕ್ಕೂ ಕುಲುಕುತ್ತದೆ. ಆ ಕುಲುಕಾಟಕ್ಕೆ ಸ್ಕೋಪಿನ ಒಳಗಿನ ಗೆರೆ ಸಡಿಲವಾಗಿ ನೇತಾಡುತ್ತದೆ. ಬಂದೂಕಿನ ಜೊತೆಗೇ ಬರುವ ಕಬ್ಬಿಣದ ಸೈಟು, ಅಂದರೆ ಗುರಿ ಕೂಡಿಸುವ ಮೊನೆ ಮತ್ತು ಕಚ್ಚು, ಸಾಕೋ ಸಾಕು. ಉಳಿದ ದುಡ್ಡಿಗೆ ಒಂದೇ ಬಗೆಯ ಒಳ್ಳೆಯ ಪೆಲೆಟ್ ಕೊಳ್ಳಿ, ಕಣ್ಣಿಗೆ ಹಾಕುವ ಗಟ್ಟಿ ಕನ್ನಡಕ ಕೊಳ್ಳಿ.

ಎರಡನೆಯ ಮಾತು ಎಣ್ಣೆಯದು. ನಮ್ಮದು ಕಡ್ಲೆಕಾಯಿ ಸೀಮೆ. ಬಾಗಿಲು ಕಿರುಗುಟ್ಟಿದರೆ ಕಡ್ಲೆಕಾಯಿ ಎಣ್ಣೆ, ಮಗು ಅತ್ತರೆ ಕಡ್ಲೆಕಾಯಿ ಎಣ್ಣೆ. ರೊದ್ದಂನ ಒಬ್ಬ ರೈತರು ತಂದ ಬಂದೂಕನ್ನು ಅಂಗಡಿಯ ಹಿತ್ತಲಲ್ಲಿ ಹೊಡೆದು ನೋಡಿದೆ. ಢಮ್ ಎಂದಿತು. ನಳಿಗೆಯಿಂದ ಹೊಗೆ ಬಂತು. ಹೊಗೆಯ ಜೊತೆಗೆ ಬೋಂಡದ ವಾಸನೆಯೂ ಬಂತು.

"ಒಳಗೆ ಏನು ಹಾಕಿದ್ದೀರಿ?"

"ಒಳ್ಳೆ ಗಾಣದ ಎಣ್ಣೆ ಕಣಮ್ಮ. ಕಲಬೆರಕೆ ಏನೂ ಇಲ್ಲ. ಮುಂಚೆ ಬರೀ ಟುಸ್ ಅಂತಿತ್ತು. ಇಪ್ಪುಡು ಚೂಡು, ಈಗ ನೋಡು, ನಿಜವಾದ ತುಪಾಕಿ ಆಗೈತೆ!"

ಒಳಗೆ ಗಾಳಿ ಒತ್ತಿ ಬಿಸಿಯಾಗುತ್ತದೆ, ಆ ಬಿಸಿಗೆ ಎಣ್ಣೆ ಹೊತ್ತಿಕೊಳ್ಳುತ್ತದೆ, ನೀವು ಶಕ್ತಿ ಅಂದುಕೊಂಡದ್ದು ಬೆಂಕಿ ಎಂದು ವಿವರಿಸಿದೆ. ಬಿಚ್ಚಿ ತೋರಿಸಿದೆ. ಚರ್ಮದ ವಾಷರು ಸುಟ್ಟ ಹಪ್ಪಳವಾಗಿತ್ತು. ಅವರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಹಂಗಾದ್ರೆ ಕೊಬ್ರಿ ಎಣ್ಣೆ ಹಾಕ್ಲಾ?" ಎಂದರು. ಚರ್ಮದ ವಾಷರಿಗೆ ಬೇಕಾಗಿರುವುದು ಆಗೊಮ್ಮೆ ಈಗೊಮ್ಮೆ ಒಂದು ತೊಟ್ಟು ಬಂದೂಕಿನ ಎಣ್ಣೆ. ಒಗ್ಗರಣೆಯಲ್ಲ.

ಇನ್ನು ನನ್ನ ಮೇಲಿನವರ ವಿಷಯ. ಸಾಹುಕಾರರು ಬಂದೂಕಿನ ಶಕ್ತಿ ನೋಡುತ್ತಿದ್ದ ವಿಧಾನ ಏನೆಂದರೆ, ಸ್ಟೂಲಿನ ಮೇಲೆ ದೀಪ ಹಚ್ಚಿಟ್ಟು, ಗುಂಡು ಹಾಕದೆ ಖಾಲಿ ಹೊಡೆಯುವುದು. ದೀಪ ಆರಿದರೆ ಬಂದೂಕು ಪಾಸು. ಗಿರಾಕಿಗಳು ಚಪ್ಪಾಳೆ ತಟ್ಟುತ್ತಿದ್ದರು. ಖಾಲಿ ಹೊಡೆದರೆ ಒಳಗಿನ ಪಿಸ್ಟನ್ನಿಗೆ ತಡೆಯೇ ಇರುವುದಿಲ್ಲ, ಹೋಗಿ ಬಂದೂಕಿನ ಒಳಗೋಡೆಗೆ ಅಪ್ಪಳಿಸುತ್ತದೆ. ಅಂದರೆ ಪರೀಕ್ಷೆಯಲ್ಲಿ ಪಾಸಾದ ಪ್ರತಿ ಬಂದೂಕೂ ಪರೀಕ್ಷೆಯಿಂದಲೇ ಹಾಳಾಗುತ್ತಿತ್ತು. ನಾನು ಬಟ್ಟೆ ಸೋಪಿನ ಬಾರಿಗೆ ಗುಂಡು ಹೊಡೆದು ಎಷ್ಟು ಆಳಕ್ಕೆ ಇಳಿಯಿತೆಂದು ಕಡ್ಡಿ ಹಾಕಿ ನೋಡುವ ಕ್ರಮ ತಂದೆ.

"ನಮ್ಮಪ್ಪನ ಕಾಲದ ದೀಪಕ್ಕಿಂತ ನಿನ್ನ ಸೋಪು ಮೇಲಾ?" ಎಂದು ಸಾಹುಕಾರರು ಕೆಲವು ವಾರ ಮುನಿಸಿಕೊಂಡರು. ನನ್ನ ವಾದಕ್ಕೆ ಅವರು ಒಪ್ಪಲಿಲ್ಲ. ಉಳಿದ ಸೋಪನ್ನು ಮನೆಗೆ ಒಯ್ಯಬಹುದು ಎಂದಾಗ ಒಪ್ಪಿದರು. ಆಮೇಲೆ ಅವರ ಪಂಚೆಯಲ್ಲೆಲ್ಲ ಸಣ್ಣ ಸಣ್ಣ ತೂತು. ಸೋಪಿನೊಳಗೆ ಉಳಿದ ಗುಂಡುಗಳನ್ನು ಯಾರೂ ತೆಗೆದಿರಲಿಲ್ಲ. ಸಾಹುಕಾರರ ಮನೆಯ ಅಮ್ಮನವರು ಅಂಗಡಿಗೇ ಬಂದು, "ಯುದ್ಧಕ್ಕೆ ಹೋಗಿದ್ರೇನ್ರೀ?" ಎಂದು ಕೇಳಿಹೋದರು.

ಆದರೆ ಸಾಹುಕಾರರ ಅತಿ ದೊಡ್ಡ ಸಿದ್ಧಾಂತ ಕಲ್ಯಾಣದುರ್ಗದ ಬಗ್ಗೆ. ಪ್ರತಿ ವರ್ಷ ದಸರಾ ಮುಗಿದ ಮೇಲೆ ಆ ಕಡೆಯ ಮಂಡಿ ಮನೆಗಳಿಂದ ಬಂದೂಕುಗಳು ಸಾಲಾಗಿ ಬರುತ್ತಿದ್ದವು. ಎಲ್ಲದಕ್ಕೂ ಒಂದೇ ಕಾಯಿಲೆ. ಸ್ಪ್ರಿಂಗು ಸೋತು, ಗುಂಡು ಸೋಪಿನ ಮೈ ಕೆರೆದು ಕೆಳಗೆ ಬೀಳುತ್ತಿತ್ತು.

"ಕಲ್ಯಾಣದುರ್ಗ, ಸೆಟ್ಟೂರು ಕಡೆ ಒಣ ಗಾಳಿ ಕಣಮ್ಮ" ಎನ್ನುತ್ತಿದ್ದರು ಸಾಹುಕಾರರು. "ಗಾಳಿ ಬಂದೂಕಿಗೆ ಗಾಳೀಲೇ ಸತ್ವ ಇಲ್ದಿದ್ರೆ ಅದೇನ್ ಮಾಡ್ತೈತೆ?"

"ಹಾಗಾದ್ರೆ ಅಲ್ಲಿ ಸೈಕಲ್ ಟಯರಿಗೂ ಸತ್ವ ಇರಬಾರದಲ್ಲ?"

"ಟಯರ್ ಬೇರೆ, ಬಂದೂಕು ಬೇರೆ."

"ದಸರಾ ಆದ್ಮೇಲೆ ಮಾತ್ರ ಗಾಳಿ ಯಾಕೆ ಒಣಗುತ್ತೆ?"

"ನೀನು ಸ್ಕ್ರೂ ಬಿಗಿ ಮಾಡು."

ನಿಜವಾದ ಕಾರಣ ಒಂದು ಬೇಸಿಗೆಯಲ್ಲಿ ತಾನಾಗಿಯೇ ಅಂಗಡಿಗೆ ನಡೆದುಬಂತು. ಈರಣ್ಣನವರು ಮೊಮ್ಮಗಳು ಮಾನಸಳ ಜೊತೆ ಬಂದಿದ್ದರು. ಅಚ್ಚ ಬಿಳಿ ಅಂಗಿ, ಹಣೆ ತುಂಬ ವಿಭೂತಿ, ಕೈಯಲ್ಲಿ ಗೋಣಿ ಸುತ್ತಿದ ಏರ್ ರೈಫಲ್. ಆ ಬಂದೂಕನ್ನು ಅವರು ಕೊಂಡದ್ದು ಕೋತಿಗಳ ಸಲುವಾಗಿ. ಕೋತಿಗೆ ಹೊಡೆಯುವುದಿಲ್ಲ, ಅದು ಆಂಜನೇಯ. ಮಾಳಿಗೆಯ ಮೇಲೆ ಕಡ್ಲೆಕಾಯಿ ಒಣಹಾಕಿದಾಗ ಮೂಲೆಯಲ್ಲಿ ಒಂದು ತಗಡು ನೇತುಹಾಕಿ, ಅದಕ್ಕೆ ಠಣ್ ಎಂದು ಹೊಡೆಯುವುದು. ಸದ್ದಿಗೆ ಕೋತಿಗಳು ಪಕ್ಕದ ಮಂಡಿಯವರ ಮಾಳಿಗೆಗೆ ಹೋಗುತ್ತವೆ. ತಾತನಿಗೆ ಕಣ್ಣು ಮಂಜಾದ ಮೇಲೆ ತಗಡಿನ ಕೆಲಸ ಮಾನಸಳದಾಯಿತು. ಅವಳ ಗುರಿ ನೋಡಿ ಶಾಲೆಯ ಪಿ.ಟಿ. ಮೇಷ್ಟ್ರು, ಕಬ್ಬಿಣದ ಸೈಟಿನ ವಿಭಾಗಕ್ಕೆ ದುಬಾರಿ ಬಂದೂಕು ಬೇಕಿಲ್ಲ, ಜಿಲ್ಲಾ ಆಯ್ಕೆಗೆ ಬಾ ಎಂದಿದ್ದರು. ಆಯ್ಕೆ ದಸರಾ ರಜೆ ಮುಗಿದ ಬೆನ್ನಿಗೇ, ಆ ಸಲ ನಮ್ಮ ಹಿಂದೂಪುರದಲ್ಲೇ.

"ಅಕ್ಕಾ, ನಂಗಿದೇ ಕೊನೇ ವರ್ಷ" ಎಂದಳು ಮಾನಸ. "ಬರೋ ವರ್ಷಕ್ಕೆ ವಯಸ್ಸು ದಾಟೋಯ್ತದೆ. ಜಾಕೆಟ್ಟು, ಗ್ಲೌಸು, ಸ್ಟ್ಯಾಂಡು ಎಲ್ಲಾ ಬೇಕಂತೆ."

"ನಿಂಗೆ ಹೇಳಿದ್ದು ಅಂಗಡಿಯವರಾ, ಮೇಷ್ಟ್ರಾ?"

"ಫೋನಿನ ವಿಡಿಯೋದಲ್ಲಿ ಒಬ್ರು."

ಫೋನಿನವರನ್ನು ಬದಿಗಿಟ್ಟು ಬಂದೂಕು ಬಿಚ್ಚಿದೆ. ಸ್ಪ್ರಿಂಗು ಸೋತಿತ್ತು. "ಇದನ್ನ ಎಲ್ಲಿ ಇಡ್ತೀರಿ ತಾತ?" ಎಂದು ಕೇಳಿದೆ.

"ಮೂಲೇಲಿ ನಿಲ್ಸಿರ್ತೀವಿ. ನವರಾತ್ರಿಗೆ ಮಾತ್ರ ದೇವ್ರ ಮುಂದೆ ನಮಸ್ಕಾರ ಮಾಡ್ಸಿಟ್ಟಿರ್ತೀವಿ. ನಮ್ ಬೀದಿ ಮಂಡಿ ಮನೆಗಳಲ್ಲೆಲ್ಲಾ ಹಿಂಗೇ."

"ಬಂದೂಕು ಹೇಗೆ ನಮಸ್ಕಾರ ಮಾಡುತ್ತೆ?"

ಅವರು ಕೌಂಟರಿನ ಮೇಲಿದ್ದ ಇನ್ನೊಂದು ಬಂದೂಕು ಎತ್ತಿಕೊಂಡು ನಳಿಗೆಯನ್ನು ಕೆಳಕ್ಕೆ ಎಳೆದರು. ಕಟಕ್. ಗುಂಡು ತುಂಬುವಾಗ ಮಾಡುವಂತೆ ಬಂದೂಕು ನಡುವಿಗೆ ಮಡಚಿಕೊಂಡು, ನಳಿಗೆ ನೆಲ ನೋಡುತ್ತ ನಿಂತಿತು. ಹೌದು, ಬಾಗಿ ಕೈಮುಗಿದ ಹಾಗೇ ಕಾಣುತ್ತಿತ್ತು. ಹೀಗೆ ಬಾಗಿಸಿದಾಗ ಒಳಗಿನ ಸ್ಪ್ರಿಂಗು ಪೂರ್ತಿ ಅದುಮಿ ಕೂತಿರುತ್ತದೆ. ನವರಾತ್ರಿ ಮುಗಿಯುವವರೆಗೂ ಹಾಗೇ.

ಸಾಹುಕಾರರೂ ನಾನೂ ಒಟ್ಟಿಗೆ ಬಾಯಿ ತೆರೆದೆವು. ಮುಚ್ಚಿದ್ದು ಸಾಹುಕಾರರು ಮಾತ್ರ.

"ತಾತ, ನಿಮ್ಮನ್ನ ಒಂಬತ್ತು ದಿನ ಬಗ್ಗಿಸಿ ನಿಲ್ಲಿಸಿದ್ರೆ ಸೊಂಟ ಏನಾಗುತ್ತೆ?"

"ದೇವ್ರ ಮುಂದೆ ಬಗ್ಗಿದ್ ಸೊಂಟಕ್ಕೆ ಏನೂ ಆಗಲ್ಲ ಕಣಮ್ಮ."

"ಹಾಗಾದ್ರೆ ನೀವೂ ಒಂಬತ್ತು ದಿನ ಬಗ್ಗೇ ಇರ್ತೀರಾ?"

"ನಾನು ಮನುಷ್ಯ. ಅದು ಕಬ್ಬಿಣ."

"ನಿಮ್ಮ ಮಂಡಿ ತಕ್ಕಡೀನೂ ಕಬ್ಬಿಣ. ಅದನ್ಯಾಕೆ ಬಗ್ಗಿಸಲ್ಲ?"

"ತಕ್ಕಡಿ ವರ್ಷ ಪೂರ್ತಿ ಬಗ್ತಾನೇ ಇರ್ತೈತೆ. ಹಬ್ಬಕ್ಕೆ ಅದಕ್ಕೆ ರಜಾ."

ತಕ್ಕಡಿಯನ್ನು ಅಲ್ಲಿಗೇ ಬಿಟ್ಟೆ. ಒಂದು ರಾಜಿಸೂತ್ರ ಮುಂದಿಟ್ಟೆ. ನಳಿಗೆಯನ್ನು ಸ್ವಲ್ಪವೇ ಬಾಗಿಸಿದರೆ ಸ್ಪ್ರಿಂಗಿಗೆ ಒತ್ತಡ ಬೀಳುವುದಿಲ್ಲ. ತಲೆ ತುಸು ತಗ್ಗಿಸಿದ ಹಾಗೆ ಇಡಬಹುದು ಎಂದು ಮಾಡಿ ತೋರಿಸಿದೆ.

ಈರಣ್ಣನವರು ಅದನ್ನು ನೋಡಿ ನಕ್ಕರು. "ಬಸ್ಸಲ್ಲಿ ಪರಿಚಯದೋರು ಕಂಡ್ರೆ ಹಿಂಗೆ ತಲೆ ಆಡಿಸ್ತೀವಿ. ದೇವ್ರೇನು ಬಸ್ಸಲ್ಲಿ ಸಿಕ್ದೋನಾ?"

"ತಾತ, ಸ್ಪ್ರಿಂಗು ಸೋತ್ರೆ ಗುಂಡು ಕೆಳಗೆ ಬೀಳ್ತದೆ. ನಾನು ಸೋತ್ಹೋಯ್ತೀನಿ" ಎಂದಳು ಮಾನಸ.

"ನೀನು ಗೆಲ್ಲಬೇಕು ಅಂತಾನೇ ಅಲ್ವೇನವ್ವ ಅದು ಬಗ್ಗೋದು?"

ಸಾಹುಕಾರರು ತೀರ್ಪುಗಾರರಂತೆ ಕೈಯೆತ್ತಿ, "ಇದ್ದರಿದೀ ಕರೆಕ್ಟೇ. ಇಬ್ರದೂ ಸರಿ. ಕಾಫಿ ತರಿಸ್ತೀನಿ" ಎಂದರು. ಹೀಗೆ ತೀರ್ಪು ಕೊಡುವವರಿಂದಲೇ ಈ ದೇಶದಲ್ಲಿ ಚರ್ಚಾ ಸ್ಪರ್ಧೆಗಳು ಹಾಳಾಗಿರುವುದು.

ಬಂದೂಕಿಗೆ ಹೊಸ ಸ್ಪ್ರಿಂಗು, ಹೊಸ ವಾಷರು ಹಾಕಿದೆ. ಹಿಡಿಯ ಮರದ ಸ್ಕ್ರೂಗಳು ಕುಲುಕಾಟಕ್ಕೆ ಸಡಿಲವಾಗುತ್ತಲೇ ಇರುತ್ತವೆ, ಆಟಕ್ಕೆ ಮುಂಚೆ ಒಮ್ಮೆ ಬಿಗಿ ಮಾಡಿಕೋ ಎಂದು ಮಾನಸಳಿಗೆ ಕಲಿಸಿದೆ. ಗಾಳದ ದಾರಕ್ಕೆ ಬಟ್ಟೆ ಚೂರು ಕಟ್ಟಿ ನಳಿಗೆಯ ಒಳಗಿಂದ ಎಳೆದು ಒರೆಸುವುದು, ಕನ್ನಡಿಯ ಮೇಲೆ ಪೆಲೆಟ್ ಉರುಳಿಸಿ ಓಲಾಡುವುದನ್ನು ಆರಿಸಿ ಕೋತಿಯ ತಗಡಿಗೆ ಎತ್ತಿಡುವುದು, ಎಣ್ಣೆ ಟಿನ್ನಿಗೆ ಹಳೇ ಗೋಣಿ ಒತ್ತಿ ತುಂಬಿ ಅದರ ಮುಂದೆ ಗುರಿಯ ಕಾಗದ ಅಂಟಿಸುವುದು, ಇವನ್ನೂ ಕಲಿಸಿದೆ. ಜಾಕೆಟ್ಟೂ ಇಲ್ಲ, ಸ್ಟ್ಯಾಂಡೂ ಇಲ್ಲ. ಹೊಸ ಸ್ಪ್ರಿಂಗು ಹದಕ್ಕೆ ಬರಲು ಬಹಳಷ್ಟು ಗುಂಡು ಹೊಡೆಯಬೇಕು. ಅವಳು ಮಳೆಗಾಲವೆಲ್ಲ ಹೊಡೆದಳು. ಗುಂಡುಗಳು ಕಾಗದದ ನಡುವೆ ಒಂದೇ ತೂತಿನ ಅಕ್ಕಪಕ್ಕ ಬೀಳತೊಡಗಿದವು. ಅದಕ್ಕೇ ನನಗೆ ಭಯ. ಹಬ್ಬದಲ್ಲಿ ಸ್ಪ್ರಿಂಗು ಸೋತರೆ ಈ ಹದವೆಲ್ಲ ಹೋಗುತ್ತದೆ. ಆಯ್ಕೆಯ ಬೆಳಿಗ್ಗೆ ಇನ್ನೊಂದು ಸ್ಪ್ರಿಂಗು ಹಾಕಿದರೂ ಅದು ಹದಕ್ಕೆ ಬರುವಷ್ಟು ಸಮಯ ಇರುವುದಿಲ್ಲ.

ನವರಾತ್ರಿ ಬಂತು. ಮಾನಸ ಫೋನು ಮಾಡಿದಳು. "ಅಕ್ಕಾ, ಬಗ್ಗಿಸ್ಬುಟ್ರು."

"ನೀನೇನು ಮಾಡ್ತಿದ್ದೀಯ?"

"ಒನಕೆ ಹಿಡ್ಕೊಂಡು ಗೋಡೆಗೆ ಗುರಿ ಇಡ್ತಿದ್ದೀನಿ. ಪಕ್ಕದ್ಮನೆ ಅತ್ತೆ, ಈ ಹುಡುಗೀಗೆ ಯಾರ ಮ್ಯಾಲೆ ಕೋಪ ಅಂತ ಕೇಳ್ತವ್ರೆ."

ನನಗೆ ತಡೆಯಲಾಗಲಿಲ್ಲ. ಕಲ್ಯಾಣದುರ್ಗದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ವಾದ ಸಿದ್ಧಮಾಡಿಕೊಂಡೆ. ಮೊದಲು ಲೋಹದ ಗುಣ, ಆಮೇಲೆ ಭಕ್ತಿಯ ಗುಣ, ಕೊನೆಗೆ ಹೆಣ್ಣುಮಕ್ಕಳ ಭವಿಷ್ಯ. ಈರಣ್ಣನವರ ಮನೆಗೆ ಕಾಲಿಟ್ಟರೆ ಮಂಗಳಾರತಿ ನಡೆಯುತ್ತಿತ್ತು. ತಕ್ಕಡಿ, ತೂಕದ ಕಲ್ಲು, ಚೀಲ ಹೊಲಿಯುವ ದಬ್ಬಣದ ನಡುವೆ ಬಂದೂಕು ಪೂರ್ತಿ ಬಾಗಿ ನಿಂತಿತ್ತು. ನಳಿಗೆಯ ಮೇಲೆ ಮೂರು ಪಟ್ಟೆ ವಿಭೂತಿ, ತುದಿಯಲ್ಲಿ ಚೆಂಡುಹೂವು.

ಈರಣ್ಣನವರು ಆರತಿ ಕೊಟ್ಟು, ದೇವರ ಮನೆಗೆ ಬೀಗ ಹಾಕಿ, ಬೀಗದಕೈಯನ್ನು ಉಡಿದಾರಕ್ಕೆ ಸಿಕ್ಕಿಸಿಕೊಂಡರು. ನನ್ನನ್ನು ಎಲೆಯ ಮುಂದೆ ಕೂರಿಸಿ ಹೋಳಿಗೆ ಬಡಿಸಿದರು. ಬಾಯಲ್ಲಿ ಹೋಳಿಗೆ ಇಟ್ಟುಕೊಂಡು ಲೋಹದ ಗುಣ ಮಂಡಿಸುವುದು ಕಷ್ಟ. ಆದರೂ ಮಂಡಿಸಿದೆ.

"ಪೂಜೆ ಹೊತ್ತಿಗೆ ಬಗ್ಗಿಸಿ, ಆಮೇಲೆ ನೆಟ್ಟಗೆ ಮಾಡಿದ್ರೂ ಸಾಕು ತಾತ. ಸ್ಪ್ರಿಂಗು ಉಳಿಯುತ್ತೆ."

"ನೆಟ್ಟಗೆ ಮಾಡಾಕೆ ಹೊಡೀಬೇಕಲ್ಲ? ದೇವ್ರ ಮನೇಲಿ ಹೊಡಿಯೋದಾ?"

"ಹೊಡೀಬೇಕಿಲ್ಲ. ನಳಿಗೆ ತುದಿ ಗಟ್ಟಿಯಾಗಿ ಹಿಡ್ಕೊಂಡು, ಟ್ರಿಗರ್ ಒತ್ತಿ, ನಿಧಾನಕ್ಕೆ ಮೇಲಕ್ಕೆ ಬಿಡಬೇಕು. ಆದ್ರೆ ಗೊತ್ತಿಲ್ದೋರು ಮಾಡಬಾರ್ದು. ಕೈ ಜಾರಿದ್ರೆ ಬೆರಳು ಜಜ್ಜಿಹೋಗುತ್ತೆ."

"ಸರೇ" ಎಂದರು ಈರಣ್ಣನವರು, ಒಳಗೆ ತಿರುಗಿ. "ಈಯಮ್ಮಂಗೆ ಇನ್ನೊಂದು ಹೋಳಿಗೆ ಹಾಕ್ರಮ್ಮಾ. ದೂರದಿಂದ ಬಂದೈತೆ, ಮಾತಾಡಿ ಮಾತಾಡಿ ಸುಸ್ತಾಗೈತೆ."

ಭಕ್ತಿಯ ಗುಣಕ್ಕೂ ಹೆಣ್ಣುಮಕ್ಕಳ ಭವಿಷ್ಯಕ್ಕೂ ನಾನು ತಲುಪಲೇ ಇಲ್ಲ. ಕೊನೆಯ ಬಸ್ಸಿಗೆ ಹೊತ್ತಾಗಿತ್ತು. ಹೊಟ್ಟೆ ತುಂಬಿ ಸೋತ ಒಂದೇ ಚರ್ಚೆ ಅದು.

ಆಯ್ಕೆಯ ದಿನ ಬೆಳಿಗ್ಗೆ ತಾತ, ಮೊಮ್ಮಗಳು ಇಬ್ಬರೂ ನೇರ ಅಂಗಡಿಗೆ ಬಂದರು. ಮಾನಸಳ ಮುಖ ಸಪ್ಪಗಿತ್ತು. "ಪೂಜೆಗೆ ಬಾಗಿಲು ತೆಗೆದಾಗೆಲ್ಲಾ ಬಗ್ಗೇ ಇತ್ತಕ್ಕಾ" ಎಂದು ಪಿಸುಗುಟ್ಟಿದಳು. ನಾನು ಸೋಪಿನ ಬಾರು ಇಟ್ಟು ಹೊಡೆದೆ. ಕಡ್ಡಿ ಹಾಕಿ ನೋಡಿದೆ. ಮತ್ತೆ ಹೊಡೆದೆ. ಗುಂಡು ಹಬ್ಬಕ್ಕೆ ಮುಂಚೆ ಎಷ್ಟು ಇಳಿಯುತ್ತಿತ್ತೋ ಅಷ್ಟೇ ಆಳಕ್ಕೆ ಇಳಿದಿತ್ತು. ಸ್ಪ್ರಿಂಗಿಗೆ ಏನೂ ಆಗಿರಲಿಲ್ಲ.

"ಏನಾಯ್ತಮ್ಮಾ ನಿನ್ನ ಸೊಂಟದ ವಾದ?" ಎಂದು ಈರಣ್ಣನವರು ಇಡೀ ಬೀದಿಗೆ ಕೇಳುವಂತೆ ಕೇಳಿದರು. "ನೋಡಿ ಸಾವ್ಕಾರ್ರೇ, ಒಂಬತ್ತು ದಿನ ಬಗ್ಗಿತ್ತು. ಏನಾಗೈತೆ? ದೇವ್ರು ಕಾಯ್ದವ್ನೆ!"

ಸಾಹುಕಾರರು ಕೈಮುಗಿದರು. ನಾನು ಈರಣ್ಣನವರ ಬಲಗೈ ನೋಡುತ್ತಿದ್ದೆ. ಹೆಬ್ಬೆರಳಿಗೆ ಬಿಳಿ ಬಟ್ಟೆ ಸುತ್ತಿತ್ತು.

"ಬೆರಳಿಗೇನಾಯ್ತು ತಾತ?"

"ಬಾಗ್ಲು ಸಂದಿಗೆ ಸಿಕ್ತು. ಹೊತ್ತಾಯ್ತು, ನಡಿಯವ್ವ ಮಾನಸ."

ಶಾಲೆಯ ಹಿಂದಿನ ಷೆಡ್ಡಿನಲ್ಲಿ ಆಯ್ಕೆ ನಡೆಯಿತು. ಪಕ್ಕದ ಸಾಲಿನಲ್ಲಿ ಜಾಕೆಟ್ಟು ಹಾಕಿದವರು, ಗ್ಲೌಸು ಹಾಕಿದವರು. ಮಾನಸ ಶಾಲೆಯ ಸಮವಸ್ತ್ರದಲ್ಲೇ ನಿಂತು, ನಳಿಗೆಯ ಮೇಲಿನ ವಿಭೂತಿಯನ್ನು ಸೈಟಿನ ಹತ್ತಿರ ಮಾತ್ರ ಒರೆಸಿಕೊಂಡು, ಮಾಳಿಗೆಯ ತಗಡಿಗೆ ಹೊಡೆಯುವಷ್ಟೇ ನಿರಾಳವಾಗಿ ಹೊಡೆದಳು. ಸಂಜೆ ಓದಿದ ಹೆಸರುಗಳಲ್ಲಿ ಅವಳದೂ ಇತ್ತು. ಅವಳು ಓಡಿಬಂದು ಮೊದಲು ತಬ್ಬಿಕೊಂಡದ್ದು ತಾತನನ್ನು. ಅವರು ಆ ಬಟ್ಟೆ ಸುತ್ತಿದ ಬೆರಳನ್ನು ಮೇಲಕ್ಕೆತ್ತಿ ಕಾಪಾಡಿಕೊಳ್ಳುತ್ತ, ಇನ್ನೊಂದು ಕೈಯಿಂದ ಅವಳ ತಲೆ ಸವರುತ್ತಿದ್ದರು.

ಇದರ ಪರಿಣಾಮ ಏನೆಂದು ಹೊಸಬರು ತಿಳಿದುಕೊಂಡಿರಬೇಕು. ಈ ಕಥೆ ಹಬ್ಬಿದ ಮೇಲೆ ಆ ಬೀದಿಯ ಬಂದೂಕುಗಳು ದಸರಾಗೆ ಮಾತ್ರವಲ್ಲ, ದೀಪಾವಳಿಗೂ ಶಿವರಾತ್ರಿಗೂ ಬಾಗಿ ನಿಲ್ಲುತ್ತಿವೆ. ಸೋತ ಸ್ಪ್ರಿಂಗುಗಳು ನಿಮ್ಮ ಹತ್ತಿರ ರಾಶಿ ಬರುತ್ತವೆ. "ಈರಣ್ಣನೋರ ಬಂದೂಕಿಗೆ ಏನೂ ಆಗ್ಲಿಲ್ಲ, ನಮ್ದಕ್ಯಾಕಾಯ್ತು?" ಎಂದು ನಿಮ್ಮನ್ನೇ ಕೇಳುತ್ತಾರೆ. ನನ್ನನ್ನೂ ಕೇಳಿದ್ದಾರೆ. ಅವರ ಭಕ್ತಿಯಲ್ಲೇ ಏನೋ ಕೊರತೆ ಎಂದು ಎದುರುಮನೆಯವರು ಹೇಳುತ್ತಾರಂತೆ.

ಅಂಗಡಿ ಮುಚ್ಚಿದ ದಿನ ಈರಣ್ಣನವರು ಬಂದಿದ್ದರು. ನನಗೆ ಶಾಲು ಹೊದಿಸಿದ್ದು ಅವರೇ. ಎಲ್ಲರೂ ಸಾಹುಕಾರರ ಸುತ್ತ ಸೇರಿದ್ದಾಗ ಅವರನ್ನು ಕೌಂಟರಿನ ಮೂಲೆಗೆ ಕರೆದು, ನನ್ನ ವೃತ್ತಿಜೀವನದ ಕೊನೆಯ ಪ್ರಶ್ನೆ ಕೇಳಿದೆ. ಅವರು ಶಾಲಿನ ಅಂಚು ಸರಿಮಾಡುತ್ತಲೇ ಇದ್ದರು. ಇವತ್ತಿಗೂ ಉತ್ತರ ಬಂದಿಲ್ಲವಾದ್ದರಿಂದ ಇಲ್ಲಿ ಇನ್ನೊಮ್ಮೆ ಕೇಳುತ್ತೇನೆ:

"ತಾತ, ಇಲ್ಲಿ ತೀರ್ಪು ಕೊಡೋರು ಯಾರೂ ಇಲ್ಲ, ಮಂಡಿ ಬೀದಿಯೋರೂ ಇಲ್ಲ. ಪೂಜೆ ಮ್ಯಾಲೆ ಪೂಜೆ, ಬೀಗ ಹಾಕೋ ಮುಂಚೆ ಆ ಬಂದೂಕನ್ನ ನೆಟ್ಟಗೆ ಮಾಡಿ ಮಲಗಿಸಿ, ಬಾಗ್ಲು ತೆಗಿಯೋ ಮುಂಚೆ ಮತ್ತೆ ಬಗ್ಗಿಸಿ ಇಡ್ತಿದ್ದೋರು ನೀವೇ ಆದ್ರೆ, ನೀವು ಸೋತಿದ್ದು ನನ್ನ ವಾದಕ್ಕಾ, ಮಾನಸಂಗಾ?"